ಹಾವಿನತ್ತೆಯ ಗಾಳಿಕಿಂಡಿ

ನಮ್ಮತ್ತೆಯನ್ನು ಈ ಕಟ್ಟಡದಲ್ಲಿ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಎಲ್ಲರಿಗೂ ಅವಳು ಹಾವಿನತ್ತೆ. ಹಾಗಂತ ಹಾವು ಹಿಡಿಯುವವಳೇನಲ್ಲ, ಜಿರಲೆ ಕಂಡರೂ ಸ್ಟೂಲು ಹತ್ತುವ ಜೀವ. ಅವಳ ಕಸುಬು ಟೈಲರಿಂಗ್. ಹೊಲಿದುಳಿದ ಚಿಂದಿಯನ್ನು ಉದ್ದನೆಯ ಚೀಲದೊಳಗೆ ತುರುಕಿ, ಬಾಯಿ ಹೊಲಿದು, ಒಂದು ತುದಿಗೆ ಎರಡು ಗುಂಡಿಯ ಕಣ್ಣಿಟ್ಟರೆ ಹಾವು ತಯಾರು. ಚಳಿಗಾಲದಲ್ಲಿ ಎಲ್ಲರ ಮನೆಯ ಬಾಗಿಲ ಬುಡದಲ್ಲೂ ಕಿಟಕಿಯ ಸಂದಿನಲ್ಲೂ ಅವಳ ಹಾವುಗಳು ಮಲಗಿರುತ್ತಿದ್ದವು.

ನಾನು ಅವಳ ಅಣ್ಣನ ಮಗಳು, ಅವಳ ಕೆಳಗಿನ ಮನೆಯಲ್ಲೇ ಇದ್ದೇನೆ. ಹಾಗಾಗಿ ಅವಳ ಪ್ರೀತಿಯಲ್ಲೂ ಬೈಗುಳದಲ್ಲೂ ಸಿಂಹಪಾಲು ನನ್ನದೇ.

ನಮ್ಮದು ಸರ್ಕಾರ ಕಟ್ಟಿಸಿಕೊಟ್ಟು ಮರೆತುಬಿಟ್ಟ ಕಟ್ಟಡ. ಹೊರಗೋಡೆಯ ಗಾರೆ ಉದುರಿ ಇಟ್ಟಿಗೆ ಹಲ್ಲು ಕಿರಿಯುತ್ತಿತ್ತು. ಕಿಟಕಿಯ ಚೌಕಟ್ಟುಗಳು ಸೊಟ್ಟಗಾಗಿದ್ದವು. ಹೀಟರ್ ಹಾಕಿದರೆ ಬಿಸಿ ನಮಗಲ್ಲ, ಬೀದಿಗೆ. ಅತ್ತೆ ಅಂಗೈಯ ಹಿಂಬದಿಗೆ ನಾಲಿಗೆ ತಾಗಿಸಿ ಒದ್ದೆ ಮಾಡಿಕೊಂಡು ಕಿಟಕಿಯ ಸುತ್ತ ಆಡಿಸುತ್ತಿದ್ದಳು. ಎಲ್ಲಿ ತಣ್ಣಗೆ ತಾಗುತ್ತದೋ ಅಲ್ಲಿ, “ಸಿಕ್ಕ ನೋಡು ಕಳ್ಳ!” ಎಂದು ಒಂದು ಹಾವನ್ನು ಒತ್ತಿಬಿಡುತ್ತಿದ್ದಳು.

ಇಷ್ಟೆಲ್ಲ ಮಾವನಿಗಾಗಿ. ಬಸ್ಸು ಓಡಿಸಿ ನಿವೃತ್ತರಾದ ಮಾವನ ಎದೆ ಬಲು ಸೂಕ್ಷ್ಮ. ಪ್ರತಿ ಚಳಿಗಾಲ ಉಸಿರು ಕಟ್ಟಿ ಆಸ್ಪತ್ರೆ ಸೇರುವುದು ತಪ್ಪುತ್ತಿರಲಿಲ್ಲ. ಒಂದು ಚಳಿಗಾಲವಾದರೂ ಈ ಮನುಷ್ಯ ಮನೆಯಲ್ಲೇ ಕಳೆಯಲಿ ಎಂಬುದೊಂದೇ ಅತ್ತೆಯ ಹಂಬಲ. ಅದಕ್ಕಾಗಿ ವಸತಿ ಇಲಾಖೆಗೆ ಅಲೆದು ಚಪ್ಪಲಿ ಸವೆಸಿದಳು. “ಮನೆಯೊಳಗೆ ನಾವು ಸ್ವೆಟರ್ ಹಾಕ್ಕೊಂಡು ಸಾಕಾಯ್ತು ಸ್ವಾಮಿ, ಈಗ ಗೋಡೆಗೊಂದು ಹಾಕ್ಸಿ” ಅನ್ನುತ್ತಿದ್ದಳು. ಅವಳ ದನಿ ಮೆಟ್ಟಿಲಲ್ಲಿ ಕೇಳಿದರೆ ಸಾಕು, ಸಾಹೇಬರಿಗೆ ಊಟದ ಹೊತ್ತಾಗಿಬಿಡುತ್ತಿತ್ತು.

ಕೊನೆಗೂ ಕಟ್ಟಡಕ್ಕೆ ಸ್ವೆಟರ್ ಬಂತು. ಸುತ್ತಲೂ ಕಬ್ಬಿಣದ ಸಾರುವೆ ಕಟ್ಟಿದರು. ಥರ್ಮೋಕೋಲ್‌ನಂಥ ದಪ್ಪ ಹಲಗೆಗಳನ್ನು ಹೊರಗೋಡೆಗೆ ಅಂಟಿಸಿ, ಮೇಲೆ ಜಾಲರಿ ಹೊದಿಸಿ, ಗಾರೆ ಮೆತ್ತಿ, ಬಣ್ಣ ಬಳಿದರು. ಜೋಡಿ ಗಾಜಿನ ಹೊಸ ಕಿಟಕಿಗಳು ಬಂದವು. ಅತ್ತೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದಳು. “ಏನಪ್ಪಾ, ಅಲ್ಲಿ ಹೊಲಿಗೆ ಬಿಟ್ಟಿದೆಯಲ್ಲಾ!” ಎಂದು ಕೆಳಗಿನಿಂದ ಕೂಗಿದರೆ ಕೆಲಸದವರು ನಗುತ್ತಿದ್ದರು.

ಕೆಲಸ ಮುಗಿದ ದಿನ, ಉಸ್ತುವಾರಿ ಹೊತ್ತಿದ್ದ ಇಂಜಿನಿಯರಮ್ಮ ಬಂದಷ್ಟು ಜನರನ್ನು ಕೆಳಗೆ ಕೂರಿಸಿ ಹೊಸ ಮನೆಯನ್ನು ನೋಡಿಕೊಳ್ಳುವ ಬಗೆ ವಿವರಿಸಿದರು. ಮಾವ ಮುಂದಿನ ಸಾಲಿನಲ್ಲಿದ್ದರು. ಅತ್ತೆ ಮಾತ್ರ ಹೊರಗೆ, ಮೆಟ್ಟಿಲ ಮೇಲೆ ಬಣ್ಣ ಚೆಲ್ಲಿದವನ ಜನ್ಮ ಜಾಲಾಡುತ್ತಿದ್ದಳು.

ಚಳಿ ಶುರುವಾಯಿತು. ಮನೆ ಬೆಚ್ಚಗಿತ್ತು. ಮಾವ ಸ್ವೆಟರ್ ಬಿಚ್ಚಿ ಕುರ್ಚಿಗೆ ಹಾಕಿದ್ದನ್ನು ನೋಡಿ ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ನಾನೂ ಮೂಗೊರೆಸಿಕೊಂಡೆ, ಸುಳ್ಳೇಕೆ ಹೇಳಲಿ.

ಆದರೆ ಸ್ವಲ್ಪ ದಿನಕ್ಕೆ ಬೆಳಗ್ಗೆ ಎದ್ದರೆ ಗಾಜಿನ ಮೇಲೆ ನೀರು ಇಳಿಯತೊಡಗಿತು. ಮಂಚದ ಹಿಂದಿನ ಮೂಲೆಯಲ್ಲಿ ಕಪ್ಪು ಬೂಷ್ಟು ಹಿಡಿಯಿತು. ಮಾವನ ಕೆಮ್ಮು ಮತ್ತೆ ಮನೆ ಸೇರಿತು, ಹಿಂದಿಗಿಂತ ಜೋರಾಗಿ. ಅಕ್ಕಪಕ್ಕದ ಮನೆಗಳಲ್ಲೂ ಇದೇ ಕಥೆ. ಅತ್ತೆ ಹೆಂಗಸರನ್ನೆಲ್ಲ ಕಟ್ಟಿಕೊಂಡು ಹೋಗಿ ಇಂಜಿನಿಯರಮ್ಮನನ್ನು ಕರೆತಂದಳು.

“ನೀವೇ ನೋಡಿ! ಹೊರಗೆ ಥಳಕು, ಒಳಗೆ ಹುಳುಕು! ನಮ್ಮನೆಯವರ ಪ್ರಾಣ ಹೋದ್ರೆ ಯಾರು ತಂದ್ಕೊಡ್ತೀರಾ?”

ಇಂಜಿನಿಯರಮ್ಮ ಗೋಡೆ ತಟ್ಟಿದರು, ಪೈಪು ಮುಟ್ಟಿದರು. ಎಲ್ಲೂ ಸೋರಿಕೆ ಇರಲಿಲ್ಲ.

“ಅಮ್ಮಾ, ಮನೇಲಿ ಗಾಳೀನೇ ಆಡ್ತಿಲ್ಲ. ಅಡುಗೆ ಹಬೆ, ಸ್ನಾನದ ಹಬೆ ಎಲ್ಲಾ ಒಳಗೇ ಉಳೀತಿದೆ. ಅದಕ್ಕೇ ಅಲ್ವಾ ಕಿಟಕಿ ಮೇಲೆ ಗಾಳಿಕಿಂಡಿ ಬಿಟ್ಟಿರೋದು?” ಎನ್ನುತ್ತ ಸ್ಟೂಲು ಹತ್ತಿ ಕಿಂಡಿಗೆ ಬೆರಳಿಟ್ಟರು. ಹುಬ್ಬು ಗಂಟಾಯಿತು. ಏನನ್ನೋ ಹಿಡಿದು ಮೆಲ್ಲಗೆ ಎಳೆದರು.

ಕಿಂಡಿಯಿಂದ ಹಾವು ಬಂತು. ಪೆನ್ಸಿಲ್ಲಿನಷ್ಟು ತೆಳ್ಳಗೆ, ಚೌಕಟ್ಟಿನಷ್ಟೇ ಬೆಳ್ಳಗೆ, ಎರಡು ಪುಟ್ಟ ಮಣಿಗಣ್ಣುಗಳ ಸಮೇತ.

“ಅಲ್ಲಿಂದ ಗಾಳಿ ಬರ್ತಿತ್ತಮ್ಮ...” ಎಂದಳು ಅತ್ತೆ.

“ಬರ್ಲಿ ಅಂತಾನೇ ಇಟ್ಟಿದ್ದು.”

ಹಿಂದೆ ನಿಂತ ಹೆಂಗಸರು ಇಂಗು ತಿಂದ ಮಂಗಗಳಾದರು. ಎಲ್ಲರ ಮನೆಯ ಕಿಂಡಿಗೂ ಅತ್ತೆ ಒಂದೊಂದು ಹಾವನ್ನು ಬಿಟ್ಟಿಯಾಗಿ ಹೊಲಿದುಕೊಟ್ಟಿದ್ದಳಲ್ಲ! ಹುಟ್ಟು ಗುಣ ಸುಟ್ಟರೂ ಹೋಗದು ಅನ್ನುವುದು ಸುಮ್ಮನೆ ಅಲ್ಲ.

ಅತ್ತೆ ಮಾವನತ್ತ ತಿರುಗಿದಳು. “ಮೀಟಿಂಗಲ್ಲಿ ಕೂತಿದ್ರಲ್ಲ, ನಿಮಗೆ ಗೊತ್ತಿತ್ತಾ?”

ಮಾವ ಹೊದಿಕೆಯ ಅಂಚನ್ನು ಸರಿಮಾಡಿಕೊಂಡರು. “ಮುಚ್ಚಬೇಡಿ ಅಂತ ಹೇಳಿದ್ರು.”

“ಮತ್ತೆ ಬಾಯಿ ಬಿಡೋಕೇನಾಗಿತ್ತು ರೀ?”

“ಕಣ್ಣು ಕಾಣ್ದೆ ಇದ್ರೂ ಅಷ್ಟು ಸಣ್ಣದನ್ನ ನನಗೋಸ್ಕರ ಹೊಲೀತಾ ಕೂತಿದ್ದೆ. ತೆಗೆದ್ಹಾಕು ಅಂತ ಹೇಗೆ ಹೇಳ್ಲಿ? ಸ್ವಲ್ಪ ಕೆಮ್ಕೊಂಡ್ರಾಯ್ತು ಅಂದ್ಕೊಂಡೆ.”

ಇಂಥ ಪ್ರೀತಿಗೆ ಏನು ಮದ್ದು ಹೇಳಿ? ಇಬ್ಬರಿಗೂ ಒಂದೊಂದು ಬಾರಿಸಬೇಕು ಅನ್ನಿಸಿತು ನನಗೆ. ಇಬ್ಬರನ್ನೂ ಒಟ್ಟಿಗೆ ಅಪ್ಪಿಕೊಳ್ಳಬೇಕು ಅಂತಲೂ ಅನ್ನಿಸಿತು. ಇಂಜಿನಿಯರಮ್ಮ ಹಾವನ್ನು ಅತ್ತೆಯ ಕೈಗಿಟ್ಟು, “ಹೊಲಿಗೆ ಮಾತ್ರ ಬಹಳ ಚೆನ್ನಾಗಿದೆ ಅಮ್ಮಾ” ಎಂದು ಹೇಳಿ ಹೋದರು.

ಅತ್ತೆ ಚೀಲ ಹಿಡಿದು ಮನೆಮನೆ ಹತ್ತಿಳಿದಳು. ಕೆಲಸದವರನ್ನು ಬೈದಷ್ಟೇ ದೊಡ್ಡ ದನಿಯಲ್ಲಿ, “ತಪ್ಪು ಅವರದ್ದಲ್ಲ, ನಂದು! ಕೊಡಿ ನನ್ನ ಹಾವು!” ಎಂದು ಕೂಗಿಕೊಂಡೇ ತಿರುಗಿದಳು. ಎದುರುಮನೆಯ ಪುಟ್ಟಿಯೊಬ್ಬಳು ತನ್ನದನ್ನು ಕೊಡುವುದಿಲ್ಲವೆಂದು ಹಟ ಹಿಡಿದಳು. ಅದು ಇನ್ನು ದಿಂಬಿನ ಪಕ್ಕದಲ್ಲಿ ಮಾತ್ರ ಮಲಗತಕ್ಕದ್ದು ಎಂದು ರಾಜಿಯಾಯಿತು. ಉಳಿದವನ್ನೆಲ್ಲ ಸೇರಿಸಿ ಅತ್ತೆ ಮಾವನ ಬೆನ್ನಿಗೊಂದು ಒರಗುದಿಂಬು ಹೊಲಿದಳು. ಮೂಲೆಯ ಬೂಷ್ಟನ್ನು ನಾವಿಬ್ಬರೂ ಉಜ್ಜಿ ತೆಗೆದೆವು. ಅವಳು ಉಜ್ಜಿದಳು, ನಾನು ಬೈಸಿಕೊಂಡೆ.

ಕೆಮ್ಮು ಒಂದೇ ದಿನಕ್ಕೆ ಹೋಗಲಿಲ್ಲ. ಆದರೆ ಕಡಿಮೆಯಾಗುತ್ತ ಬಂತು. ಆ ಚಳಿಗಾಲ ಮುಗಿಯುವವರೆಗೂ ಮಾವ ಆಸ್ಪತ್ರೆಯ ಮುಖ ನೋಡಲಿಲ್ಲ.

ಈಗಲೂ ಅತ್ತೆ ದಿನಾ ಬೆಳಗ್ಗೆ ಸ್ಟೂಲು ಹತ್ತುತ್ತಾಳೆ. ಅಂಗೈಯ ಹಿಂಬದಿ ಒದ್ದೆ ಮಾಡಿಕೊಂಡು ಕಿಂಡಿಗೆ ಹಿಡಿದು, ಉಸಿರು ಬಿಗಿಹಿಡಿದು ಕಾಯುತ್ತಾಳೆ. ತಣ್ಣಗೆ ತಾಗಿದ್ದೇ ತಡ, ಮುಖ ಅರಳುತ್ತದೆ.

“ಕಳ್ಳ ಬಂದ ರೀ” ಎನ್ನುತ್ತಾಳೆ.

“ಬರ್ಲಿ ಬಿಡು” ಎನ್ನುತ್ತಾರೆ ಮಾವ, ದಿಂಬಿಗೊರಗಿ.