ಏಣಿ ಹತ್ತದವನ ಆಂಟೆನಾ ಕಂಬ

ಕಾನಹೊಸಹಳ್ಳಿಯಲ್ಲಿ ಕಿರಾಣಿ ಅಂಗಡಿ ಇಟ್ಟುಕೊಂಡಿರುವ ಪಂಚಾಕ್ಷರಪ್ಪನೆಂಬ ನಾನು ಏಣಿಯ ಮೇಲೆ ಕಾಲಿಟ್ಟರೆ ಗಡಗಡ ನಡುಗುವ ಗಂಡಸು. ಅಂಗಡಿಯಲ್ಲಿ ಬೆಲ್ಲದ ಪೆಂಟೆಯನ್ನೂ ಕೈಗೆಟುಕುವಷ್ಟರಲ್ಲೇ ಇಡುತ್ತೇನೆ. ಈ ಸಂಗತಿ ಓಣಿಗೆ ಗೊತ್ತಾದರೆ ಮರ್ಯಾದೆ ಹೋದಂತೆಯೇ ಎಂದುಕೊಂಡಿದ್ದೆ. ಹೆಂಡತಿ ನಾಗಲಿಂಗಮ್ಮನಿಗೂ ಹೇಳಿರಲಿಲ್ಲ.

ತೊಂಬತ್ಮೂರರಲ್ಲಿ ಟಿ.ವಿ. ತಂದೆವು. ಪರದೆಯ ತುಂಬ ಅಕ್ಕಿ ನುಚ್ಚು ಚೆಲ್ಲಿದಂತೆ ಕಾಣುತ್ತಿತ್ತೇ ಹೊರತು ಮನುಷ್ಯರ ಮುಖ ಮೂಡುತ್ತಿರಲಿಲ್ಲ. ಎತ್ತರದ ಕಂಬ ಹಾಕಬೇಕು ಎಂದರು ಎಲ್ಲರೂ. ಎತ್ತರದ ಕಂಬವೆಂದರೆ ಮಾಳಿಗೆ ಹತ್ತಬೇಕು. ನನಗೆ ಬೆವರು ಕಿತ್ತುಕೊಂಡಿತು.

ಹೆದರಿಕೆಗೆ ನನ್ನ ತಲೆ ಚುರುಕಾಯಿತು. ರೇಡಿಯೋದ ಕಡ್ಡಿಯ ಹಾಗೆ ಒಂದರೊಳಗೊಂದು ಕೂರುವ ಕೊಳವೆಗಳಿದ್ದರೆ ನೆಲದ ಮೇಲೆ ನಿಂತೇ ಎತ್ತರಿಸಬಹುದಲ್ಲ! ಕೂಡ್ಲಿಗಿಯಲ್ಲಿ ಹುಡುಕಿದೆ, ಸಿಗಲಿಲ್ಲ. ಕೊನೆಗೆ ಕೊಟ್ಟೂರಿನ ಹಳೇ ಕಬ್ಬಿಣದ ಅಂಗಡಿಯಲ್ಲಿ ಅಂಥ ಎರಡು ಪೈಪು ಸಿಕ್ಕವು. ವೆಲ್ಡಿಂಗ್ ಹುಲುಗಣ್ಣ ಬೋಲ್ಟಿಗೆ ತೂತು ಕೊರೆದುಕೊಟ್ಟ.

ಜೋಪಾನದಲ್ಲಂತೂ ನಾನು ಯಾರಿಗೂ ಸೋಲುವವನಲ್ಲ. ಕರೆಂಟಿನ ತಂತಿ ಮುಂದಿನ ಬೀದಿಯಲ್ಲಿ ಇದ್ದುದರಿಂದ ಹಿತ್ತಲಲ್ಲಿ ಗುಂಡಿ ತೋಡಿಸಿದೆ. ಕಂಬವನ್ನು ಪೂರ್ತಿ ಎಳೆದು ನೆಲದ ಮೇಲೆ ಮಲಗಿಸಿ, ಯಾವ ಕಡೆ ಬಿದ್ದರೂ ತಂತಿ ಮುಟ್ಟುವುದಿಲ್ಲ ಎಂದು ಖಾತ್ರಿ ಮಾಡಿಕೊಂಡೆ. ಬುಡಕ್ಕೆ ಕಾಂಕ್ರೀಟು, ಗೋಡೆಗೆ ಕ್ಲಾಂಪು, ಸಿಡಿಲಿಗೆಂದು ನೆಲಕ್ಕಿಳಿಸುವ ತಂತಿ, ಎಲ್ಲ ಅಣಿಯಾಯಿತು. ಎಂಥಾ ಹುಷಾರಿ ಮನುಷ್ಯ ಎಂದಿತು ಓಣಿ. ಪುಕ್ಕಲನಿಗೆ ಇಷ್ಟು ಒಳ್ಳೆಯ ಹೆಸರು ಸಿಕ್ಕಿದ್ದಕ್ಕೆ ನಾನು ಎದೆಯುಬ್ಬಿಸಿ ಓಡಾಡಿದೆ.

ಭಾನುವಾರ ಬೆಳಿಗ್ಗೆ ತುದಿಗೆ ಆಂಟೆನಾ ಕಟ್ಟಿ ಕಂಬ ನಿಲ್ಲಿಸಿದೆವು. ಕಂಬ ವಾಲದಂತೆ ಬಿಗಿಯುವ ತಂತಿಗಳನ್ನು ಮೂರು ಕಡೆ ಮೂವರು ಹಿಡಿದರು. ಒಳಗಿನ ಪೈಪು ಮೇಲೆಳೆದು ಬೋಲ್ಟು ಹಾಕುವುದೊಂದೇ ಉಳಿದಿತ್ತು. ಆಗ ನಾನು ತಲೆಯೆತ್ತಿ ನೋಡಿದೆ. ಹೊರಗಿನ ಪೈಪಿನ ಬಾಯಿ ಸರಿಯಾಗಿ ಮಾಳಿಗೆಯ ಅಂಚಿಗಿತ್ತು. ಎಳೆಯುವುದೂ ಅಲ್ಲಿಂದಲೇ, ಬಿಗಿಯುವುದೂ ಅಲ್ಲಿಯೇ. ಇಷ್ಟೆಲ್ಲ ಲೆಕ್ಕ ಹಾಕಿದ ಮಹಾನುಭಾವನಿಗೆ ಇದೊಂದು ಹೊಳೆದಿರಲಿಲ್ಲ.

"ಹತ್ರಿ ಪಂಚಾಕ್ಷರಪ್ಪ, ನಿಮ್ಮ ಕಂಬದ ಮರ್ಮ ನಿಮಗಾ ಗೊತ್ತು," ಎಂದ ಪಕ್ಕದ ಮನೆಯ ಮೈಲಪ್ಪ, ತಂತಿ ಹಿಡಿದುಕೊಂಡೇ.

ಸ್ಪ್ಯಾನರ್ ಹಿಡಿದು ಮಾಳಿಗೆಗೆ ಒರಗಿಸಿದ್ದ ಏಣಿಯ ಎರಡನೇ ಮೆಟ್ಟಿಲಿನವರೆಗೆ ಹೋದೆ. ಅಲ್ಲಿಂದ ಕಾಲು ಮೇಲೂ ಏಳಲಿಲ್ಲ, ಕೆಳಗೂ ಇಳಿಯಲಿಲ್ಲ. ಓಣಿಯೆಲ್ಲ ನನ್ನನ್ನೇ ನೋಡುತ್ತಿತ್ತು.

ನಾಗಲಿಂಗಮ್ಮ ಬಂದು ನನ್ನ ಕೈಯಿಂದ ಸ್ಪ್ಯಾನರ್ ತೆಗೆದುಕೊಂಡಳು. "ಏಣಿ ಬುಡ ಹಿಡಿಯಾಕ ಗಟ್ಟಿ ಆಳು ಬೇಕ್ರಿ. ನೀವು ಇಳೀರಿ," ಎಂದು ಸೆರಗು ಸಿಕ್ಕಿಸಿ ಸರಸರ ಹತ್ತಿಬಿಟ್ಟಳು.

ಮೈಲಪ್ಪ ಬಾಯಿ ಬಿಟ್ಟುಕೊಂಡು ನೋಡಿದ. "ಯಕ್ಕಾ, ಮಾಳಿಗಿ ಹತ್ತಿದ್ರ ನಿನಗ ತಲಿ ತಿರುಗ್ತೈತಿ ಅಂತಿದ್ದೆಲ್ಲ! ಬ್ಯಾಸಗ್ಯಾಗ ಓಣಿ ಮಂದಿಯೆಲ್ಲಾ ಮ್ಯಾಲ ಮಲಗಿದ್ರೂ ನಿಮ್ಮಿಬ್ರದೂ ಒಳಗಾ!"

ನನಗೆ ಮುಖಕ್ಕೆ ಹೊಡೆದಂತಾಯಿತು. ಪ್ರತಿ ಬೇಸಿಗೆಯಲ್ಲೂ ಅಂಗಡಿ ಕಾಯಬೇಕೆಂದು ನೆವ ಹೇಳಿ ನಾನು ಒಳಗೇ ಮಲಗುತ್ತಿದ್ದೆ. ಅವಳೂ ಚಾಪೆ ಪಕ್ಕಕ್ಕೇ ಹಾಸುತ್ತಿದ್ದಳು. ಸಂಡಿಗೆಯನ್ನು ಕೂಡ ಅಂಗಳದಲ್ಲೇ ಒಣಗಿಸಿ ದಿನವಿಡೀ ಕೋಳಿ ಓಡಿಸುತ್ತಿದ್ದಳು. ನಾನು ಗುಟ್ಟು ಕಾಪಾಡುತ್ತಿದ್ದೇನೆ ಎಂದು ಬೀಗುತ್ತಿದ್ದರೆ, ಕಾಪಾಡಿದವಳು ಅವಳು. ನಾಚಿಕೆಯಾಯಿತು, ಅಳುವೂ ಬಂತು.

ಅವಳು ಪೈಪು ಎಳೆದು ಬೋಲ್ಟು ಬಿಗಿದಳು.

"ಮೈಲಪ್ಪ, ತಲಿ ತಿರುಗಾದು ನನಗಪ್ಪ. ಆಕಿಗಲ್ಲ," ಎಂದೆ, ಎಲ್ಲರಿಗೂ ಕೇಳುವ ಹಾಗೆ.

ಯಾರೋ ಕಿಸಕ್ಕೆಂದರು. ಮೇಲೆ ನಾಗಲಿಂಗಮ್ಮ ಕೆಲಸ ಮುಗಿದರೂ ಇಳಿಯಲಿಲ್ಲ. ಸಿಕ್ಕಿಸಿದ್ದ ಸೆರಗು ಬಿಚ್ಚಿ ಮುಖ ಒರೆಸಿಕೊಂಡು ಸುತ್ತ ನೋಡುತ್ತ ನಿಂತಳು.

"ಎಷ್ಟು ಗಾಳಿ ಐತ್ರಿ ಇಲ್ಲಿ! ಇನ್ನ ಮುಚ್ಚಿಡಾದು ಏನೈತಿ, ರಾತ್ರಿ ಮಲಗಾಕ ನನ್ನ ಚಾಪಿ ಇತ್ತ ಕೊಡ್ರಿ."

ನಾನು ಒಳಗೆ ಹೋಗಿ ಅವಳ ಚಾಪೆ ತಂದೆ. ಎರಡನೇ ಮೆಟ್ಟಿಲಿನಲ್ಲಿ ನಿಂತು ಕೈ ಚಾಚಿದೆ. ಅವಳು ಬಗ್ಗಿ ತೆಗೆದುಕೊಂಡಳು.