ಕಾಕಾನ ಕಿಡ್ನಿ ಮತ್ತು ವಿಭೂತಿಯ ಪೊಟ್ಟಣ

ಕಾಕಾ ನ್ಯುಮೋನಿಯಾದಿಂದ ಐಸಿಯು ಸೇರಿದ ಮೂರನೆಯ ದಿನ ಡಾಕ್ಟರು ನಮ್ಮನ್ನು ಕರೆದು, ರಕ್ತದ ಹೊಸ ಪರೀಕ್ಷೆಯೊಂದು ಕಿಡ್ನಿಗೆ ಪೆಟ್ಟು ಬೀಳುತ್ತಿರುವ ಸುಳಿವು ಕೊಟ್ಟಿದೆ ಎಂದರು. ಕಿಡ್ನಿ ಅಳೆಯುವ ಕ್ರಿಯಾಟಿನಿನ್ ನಾರ್ಮಲ್ ಇದೆಯಲ್ಲ ಎಂದ ಅಪ್ಪ. ಅದು ಏರುವುದು ಕಿಡ್ನಿ ಕೆಟ್ಟ ಮೇಲೆ, ಈ ಹೊಸ ಪರೀಕ್ಷೆ ಒಂದೆರಡು ದಿನ ಮೊದಲೇ ಹೇಳಬಹುದು, ಆದರೆ ಪೂರ್ತಿ ಖಾತ್ರಿಯಿಲ್ಲ ಎಂದರು ಡಾಕ್ಟರು.

"ಅಂದ್ರ ಇದೂ ಜ್ಯೋತಿಷ್ಯನ ಆತಲ್ಲೋ," ಎಂದು ಅಪ್ಪ ನನ್ನ ಕಿವಿಯಲ್ಲಿ ಉಸುರಿದ. ಹತ್ತಿ ಖರೀದಿಗೂ ಪಂಚಾಂಗ ನೋಡುವ ಮನುಷ್ಯನಿಗೆ ಅಂದೇ ಮೊದಲು ಭವಿಷ್ಯದ ಮೇಲೆ ಅನುಮಾನ ಬಂದದ್ದು.

ನೋವಿನ ಗುಳಿಗೆ ಏನಾದರೂ ಕೊಡುತ್ತಿದ್ದೀರಾ, ಅವು ಕಿಡ್ನಿಯನ್ನು ಹಾಳುಮಾಡುತ್ತವೆ ಎಂದು ಡಾಕ್ಟರು ಕೇಳಿದಾಗ ಅಪ್ಪ ಎದೆಯುಬ್ಬಿಸಿದ. "ನನ್ನ ತಮ್ಮ ಹುಟ್ಟಿದಾಗಿಂದ ಗುಳಿಗಿ ಮುಟ್ಟಿಲ್ರಿ." ಕಾಕಾ ಮೂವತ್ತು ವರ್ಷ ಊರೆಲ್ಲ ಹೇಳಿಕೊಂಡು ತಿರುಗಿದ್ದೂ ಅದನ್ನೇ.

ಹೊರಗಿನ ಬೆಂಚಿನ ಮೇಲೆ ನಾನು ಡಾಕ್ಟರರ ಧ್ವನಿ, ಅಪ್ಪನ ಎದೆ ಎರಡನ್ನೂ ಮಾಡಿ ತೋರಿಸಿದೆ. ನಮ್ಮ ಗೋಪನಕೊಪ್ಪದಿಂದ ನೋಡಲು ಬಂದ ಅರ್ಧ ಓಣಿ ನಕ್ಕಿತು. ನಗದವಳು ಕಾಕಾನ ಹೆಂಡತಿ, ನಮ್ಮ ಕಾಕು ಒಬ್ಬಳೇ.

ಕಾರಣ ನನಗೆ ಗೊತ್ತಿತ್ತು. ಕಾಕಾನ ಮೊಣಕಾಲು ನೋವಿಗೆ ನಾಲ್ಕು ವರ್ಷದಿಂದ ಕದ್ದುಮುಚ್ಚಿ ಗುಳಿಗೆ ತಂದುಕೊಟ್ಟವನು ನಾನೇ. ಈಗಲೂ ಭೇಟಿಯ ವೇಳೆಗೆ ಕಾಕು ಅವನ್ನು ವಿಭೂತಿಯ ಪೊಟ್ಟಣದಲ್ಲಿ ಹುಗಿದು ಒಯ್ಯುತ್ತಿದ್ದಳು. ಎಳನೀರು, ಗಂಜಿ ಎಲ್ಲ ಬಾಗಿಲಲ್ಲೇ ಕಸಿದುಕೊಳ್ಳುವ ನರ್ಸ್, ವಿಭೂತಿ ಕಂಡರೆ ತಾನೇ ಕೈಮುಗಿದು ಒಳಗೆ ಬಿಡುತ್ತಿದ್ದಳು. ಆ ಕೈಮುಗಿಯುವುದನ್ನೂ ನಾನು ಮನೆಯಲ್ಲಿ ಮಾಡಿ ತೋರಿಸಿದ್ದೆ.

ಮರುದಿನ ಕಾಕಾನ ಮೂತ್ರ ಕಡಿಮೆಯಾಯಿತು. ಡಾಕ್ಟರು ಡಯಾಲಿಸಿಸ್ ಎಂಬ ಮಾತೆತ್ತಿದರು. ಕಾಕು ನನ್ನ ಅಂಗಿ ಜಗ್ಗಿದಳು. "ಸುಮ್ನಿರು. ಮಂದಿ ಮುಂದ ಅವರ ಮರ್ಯಾದಿ ಹೋಗ್ತದ."

ಎಲ್ಲರ ಧ್ವನಿ ತೆಗೆಯುವ ನನಗೆ ಅವತ್ತು ನನ್ನದೇ ಹೊರಡಲಿಲ್ಲ. ಅವಳ ಕೈಯಲ್ಲಿದ್ದ ಪೊಟ್ಟಣ ಕಸಿದು ಡಾಕ್ಟರರ ಮೇಜಿನ ಮೇಲೆ ಬಿಚ್ಚಿದೆ. ಬೂದಿಯೊಳಗೆ ಪಟ್ಟಿಯ ಸಮೇತ ಕತ್ತರಿಸಿದ ಎರಡು ಗುಳಿಗೆ. ಡಾಕ್ಟರು ಬೈಯಲಿಲ್ಲ, ಹೆಸರು ಓದಿ ಫೈಲಿನಲ್ಲಿ ಬರೆದುಕೊಂಡರು. ಅಪ್ಪ ಮಾತ್ರ ವಿಭೂತಿಯನ್ನೇ ನೋಡುತ್ತ ನಿಂತ.

ಗುಳಿಗೆ ನಿಂತವು. ಕ್ರಿಯಾಟಿನಿನ್ ಡಾಕ್ಟರು ಹೇಳಿದಂತೆಯೇ ಎರಡು ದಿನ ತಡವಾಗಿ ಏರಿ, ಮೆಲ್ಲಗೆ ಇಳಿಯಿತು. ಡಯಾಲಿಸಿಸ್ ತಪ್ಪಿತು. ತಪ್ಪು ಗುಳಿಗೆಯದೋ ನ್ಯುಮೋನಿಯಾದ್ದೋ ಎಂದು ಕೇಳಿದರೆ, ಎರಡರದ್ದೂ ಇರಬಹುದು ಎಂದರು ಡಾಕ್ಟರು.

ವಾರ್ಡಿಗೆ ಬಂದ ಕಾಕಾ ಮೊದಲು ನನ್ನನ್ನು ಕರೆದ. "ಗುಳಿಗಿ ವಿಷಯ ನೀ ಹೇಳಿದ್ಯಾ?"

"ಹೂಂ ಕಾಕಾ."

"ಅಣ್ಣಾಗೂ ಗೊತ್ತಾತೇನು?"

"ಅಲ್ಲೇ ನಿಂತಿದ್ದ."

ಕಾಕಾ ಗೋಡೆಯ ಕಡೆ ಹೊರಳಿದ. "ಇದಕ್ಕಿಂತ ಕಿಡ್ನಿ ಹೋಗಿದ್ರ ಪಾಡಿತ್ತು." ಮಂಚದ ಕೆಳಗೆ ಮೂತ್ರದ ಚೀಲ ಮುಕ್ಕಾಲು ತುಂಬಿತ್ತು.