ಅಂಬ್ರಪ್ಪನ ಡಬ್ಬಿ
ಶಹಾಪುರದ ಅಂಬ್ರಪ್ಪ ಕಿವಿಯ ಮೇಲೆ ಬೀಡಿಯ ಬದಲು ಸ್ಕ್ರೂಡ್ರೈವರ್ ಸಿಗಿಸಿಕೊಂಡು, ಟಿವಿಗೆ ಜೋಡಿಸುವ ಮನೆ ಕಂಪ್ಯೂಟರು ತಯಾರಿಸುವ ಆಸಾಮಿ. ಕೊಳ್ಳುವವರಿಲ್ಲದೆ ಉಳಿದ ಡಬ್ಬಿಗಳ ಮೇಲೆ ಹೆಂಡತಿ ರೇಣಮ್ಮ ಹಪ್ಪಳ ಒಣಗಿಸುತ್ತಾಳೆ. “ಕಾರ್ಖಾನಿ ಯಾವಾಗ ಮುಚ್ಚತೀಪಾ?” ಎಂದವರಿಗೆ ಚಹಾ ಕುಡಿಸಿ, “ಹೈದರಾಬಾದಿನಾಗ ಬ್ರಾಂಚು ತೆಗೀತೀನ್ರಿ” ಎನ್ನುತ್ತಾನೆ. ಕರೆಂಟು ಹೋಗಿ ಯಂತ್ರ ಕಲಿತದ್ದೆಲ್ಲ ಮರೆತರೆ, “ಮನಸಿನಾಗ ಏನೂ ಇಟ್ಕೊಳ್ಳಂಗಿಲ್ಲ, ದೊಡ್ಡ ಗುಣ” ಎಂದು ಅದರ ಬೆನ್ನು ತಟ್ಟುತ್ತಾನೆ. ಈ ಸಲ ಕಾಲುವೆ ನೀರಿನ ಪಾಳಿಗೆ ಚೀಟಿ ಎತ್ತುವಾಗ ರೈತರೊಳಗೆ ಜಗಳವೆದ್ದಿತು. ಎತ್ತುವವನು ಯಾರೇ ಆದರೂ ಇನ್ಯಾರಿಗೋ ನೆಂಟನೇ. ಹಿರಿಯ ದ್ಯಾವಪ್ಪ, “ಅಂಬ್ರಪ್ಪನ ಡಬ್ಬೀನೇ ಎತ್ತಲಿ, ಅದಕ್ಕ ಬೀಗರೂ ಇಲ್ಲ, ಬಿಜ್ಜರೂ ಇಲ್ಲ” ಎಂದ. ಗದ್ದೆ ಇದ್ದವರ ಹೆಸರನ್ನೆಲ್ಲ, ತನ್ನದೂ ಸೇರಿಸಿ, ಅಂಬ್ರಪ್ಪ ಡಬ್ಬಿಗೆ ತುಂಬಿದ; ಎಲ್ಲರೂ ಟಿವಿಯ ಮುಂದೆ ಕುಳಿತರು. ಹೆಸರುಗಳು ಒಂದೊಂದಾಗಿ ಮೂಡಿ, ಎಲ್ಲಕ್ಕೂ ಕೊನೆಗೆ ಬಂದದ್ದು ಅಂಬ್ರಪ್ಪನದೇ. ಅವನ ಭತ್ತದ ಸಸಿ ಆಗಲೇ ಬಾಡತೊಡಗಿತ್ತು. ಆದರೂ ಅಂಬ್ರಪ್ಪ ಎದ್ದು, ರುಮಾಲು ಮೇಲಕ್ಕೆ ತೂರಿ, ಬಜಾರೆಲ್ಲ ಕೇಳುವಂತೆ ಕೂಗಿದ: “ನೋಡಿದ್ರೇನ್ರಿ ನನ್ನ ಮಾಲು! ತನ್ನ ಹಡದ ಅಪ್ಪನ ಮಾರೀನೂ ನೋಡ್ಲಿಲ್ಲ!”